ಹಗೇವಿನ ಬಾಯಿ

ಸಂಗಪ್ಪನನ್ನು ಕೆಡಿಸಿದ್ದು ಲಾಭ. ಮೊದಲನೇ ಸಲವೇ ಕೈ ಸುಟ್ಟುಕೊಂಡಿದ್ದರೆ ಮನುಷ್ಯ ನೆಟ್ಟಗಿರುತ್ತಿದ್ದ. ಬಾಗಲಕೋಟೆ ಕಡೆಯಿಂದ ಬಂದು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮಷಿನ್ನಿನ ಮುಂದೆ ನಿಂತೇ ತಲೆ ಬೆಳ್ಳಗೆ ಮಾಡಿಕೊಂಡವನು. ಕಾರ್ಖಾನೆ ಬಾಗಿಲು ಹಾಕಿದಾಗ ಬಂದ ಹಣವನ್ನೆಲ್ಲ ಷೇರಿಗೆ ಹಾಕಿದ. ಹಾಕಿದ ಸ್ವಲ್ಪ ದಿನಕ್ಕೇ ಕೊರೋನಾ ಬಂದು ಮಾರ್ಕೆಟ್ ನೆಲ ಕಚ್ಚಿತು. ಟಿ. ದಾಸರಹಳ್ಳಿಯ ಅವನ ಬೀದಿಯಲ್ಲಿ ಷೇರು ಇದ್ದವರೆಲ್ಲ ಬಾಯಿ ಬಾಯಿ ಬಡಿದುಕೊಂಡು ಸಿಕ್ಕಿದ ರೇಟಿಗೆ ಮಾರಿದರು. ಸಂಗಪ್ಪ ಮಾರಲಿಲ್ಲ. ಫೋನಿನಲ್ಲಿ ಮಾರೋದು ಹೇಗೆ ಅಂತ ಆಗ ಅವನಿಗೆ ಸರಿಯಾಗಿ ಗೊತ್ತೂ ಇರಲಿಲ್ಲ, ಆ ಮಾತು ಬಿಡಿ. ಎರಡು ವರ್ಷದಲ್ಲಿ ದುಡ್ಡು ದುಪ್ಪಟ್ಟಾಯಿತು.

ಅಲ್ಲಿಂದ ಶುರುವಾಯಿತು ನೋಡಿ ಪ್ರವಚನ. ದಿನಾ ಸಂಜೆ ಟೀ ಅಂಗಡಿಯ ಮುಂದೆ ನಿಂತು, ತಾಳಿದವ ಬಾಳಿಯಾನು, ಬಿದ್ದದ್ದು ಏಳಲೇಬೇಕು, ನಷ್ಟ ಅನ್ನೋದು ಮಾರಿದವನಿಗೆ ಮಾತ್ರ ಅಂತ ಹೇಳೋದು. ಅಜ್ಜನ ರಾಗಿ ಹೊಲದಲ್ಲಿ ಮೂರು ಬಿಲ್ಡಿಂಗ್ ಎಬ್ಬಿಸಿದ ಮನೆ ಓನರ್ ಸುಬ್ರಮಣಿ ಕೂಡ ಕೈ ಕಟ್ಟಿಕೊಂಡು ಕೇಳುತ್ತಿದ್ದ. ಹೆಲ್ತ್ ಇನ್ಶೂರೆನ್ಸಿನವನು ಬಂದರೆ, ಅದು ನೀರಿಗೆ ಹಾಕಿದ ದುಡ್ಡು ಅಂತ ಸಂಗಪ್ಪ ಬಾಗಿಲಿನಿಂದಲೇ ಕಳಿಸಿಬಿಟ್ಟ. ಕಾರ್ಖಾನೆಯ ಜೊತೆಗೆ ಇಎಸ್‌ಐ ಕಾರ್ಡೂ ಹೋಗಿತ್ತು ಅನ್ನೋದು ಪುಣ್ಯಾತ್ಮನ ತಲೆಗೇ ಬರಲಿಲ್ಲ.

ಮನೆಯಲ್ಲಿ ಅವನು, ಅವನ ಹೆಂಡತಿ ರತ್ನವ್ವ, ಇಬ್ಬರೇ. ಮಕ್ಕಳಾಗಲಿಲ್ಲ. ಆ ಕೊರಗನ್ನು ಇಬ್ಬರೂ ನುಂಗಿಕೊಂಡು ಎಷ್ಟೋ ಕಾಲವಾಗಿತ್ತು. ರತ್ನವ್ವ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಆ ರೊಟ್ಟಿಯ ದುಡ್ಡು ಬ್ಯಾಂಕಿನಲ್ಲಿ ಅವಳ ಹೆಸರಿನಲ್ಲೇ ಡಿಪಾಜಿಟ್ ಆಗಿ ಕೂತಿತ್ತು. ಸಂಗಪ್ಪನ ಕಣ್ಣು ಅದರ ಮೇಲೆ ಬಿತ್ತು.

ಅವಳು ಮೊದಲು ಒಪ್ಪಲಿಲ್ಲ. ಅವಳಿಗೆ ತಿಳಿಯೋ ಹಾಗೆ ಹೇಳಬೇಕಲ್ಲ, ಅದಕ್ಕೆ ಅವನು ಊರಿನ ಹಗೇವಿನ ಮಾತು ತೆಗೆದ. ಅವರ ಕಡೆ ಸುಗ್ಗಿಯ ಜೋಳವನ್ನು ನೆಲದೊಳಗೆ ತೋಡಿದ ಹಗೇವಿಗೆ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಮ್ಮೆ ಮುಚ್ಚಿದ ಮೇಲೆ ಕಾಲ ಬರೋ ತನಕ ತೆಗೆಯೋ ಹಾಗಿಲ್ಲ. ನಡುವೆ ಬಾಯಿ ತೆರೆದರೆ ಥಂಡಿ ಹೊಕ್ಕು ಇಡೀ ಹಗೇವು ಕೆಟ್ಟು ಹೋಗುತ್ತದೆ. ಷೇರೂ ಹಾಗೇ, ಹಾಕಿ ಮರೀಬೇಕು ಅಂದ ಸಂಗಪ್ಪ.

ರತ್ನವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳಿದಳು, "ನಮ್ಮಪ್ಪ ಎಲ್ಲಾ ಜ್ವಾಳ ಹಗೇವಿಗೆ ಹಾಕ್ತಿದ್ದಿಲ್ಲಲ್ರಿ. ವರ್ಷದ ಊಟಕ್ಕ ಆಗೋವಷ್ಟು ಮನ್ಯಾಗ ಗುಮ್ಮಿಯೊಳಗ ಇಟ್ಟ ಮ್ಯಾಲೆ ಉಳಿದದ್ದು ಅಲ್ಲಿಗೆ."

ಎಂಥಾ ಮಾತು! ರಿಸ್ಕು ಅಂದರೇನು ಅಂತ ಯಾವ ಪಂಡಿತನೂ ಇದಕ್ಕಿಂತ ನೇರವಾಗಿ ಹೇಳಲಾರ. ಸಂಗಪ್ಪ ನಕ್ಕುಬಿಟ್ಟ. ಆ ಕಾಲ ಬೇರೆ, ಈ ಕಾಲ ಬೇರೆ ಅಂದ. ಬುದ್ಧಿ ಹೇಳೋರಿಗೆ ಬುದ್ಧಿ ಹೇಳೋರು ಯಾರು? ಮುಂದಿನ ವಾರವೇ ಅವಳಿಂದ ಸಹಿ ಹಾಕಿಸಿ, ಡಿಪಾಜಿಟ್ ಮುರಿದು ಅದನ್ನೂ ತುಂಬಿದ.

ಎರಡು ಸಾವಿರದ ಇಪ್ಪತ್ನಾಲ್ಕರ ದಸರೆ ಹತ್ತಿರ ಬಂದಾಗ ಮಾರ್ಕೆಟ್ ಇಳಿಯೋಕೆ ಶುರುವಾಯಿತು. ಕೊರೋನಾ ಕಾಲದ ಹಾಗೆ ದಡಾರನೆ ಬೀಳಲಿಲ್ಲ. ಇವತ್ತಿಷ್ಟು, ನಾಳೆ ಇನ್ನಷ್ಟು, ತಿಂಗಳುಗಟ್ಟಲೆ ಸೋರುತ್ತಾ ಹೋಯಿತು. ಇಂಗೇ ಬಿದ್ರೆ ಎಂಗೆ ಅಂತ ಸುಬ್ರಮಣಿ ಗೋಳಾಡಿದ. ಸಂಗಪ್ಪ ಅವನಿಗೆ ಧೈರ್ಯ ತುಂಬಿದ, ಮನೆಗೆ ಬಂದು ರತ್ನವ್ವನಿಗೂ ಅದನ್ನೇ ಹೇಳಿದ. ಈಗ ಕೈ ಹಚ್ಚಿದರೆ ಎಲ್ಲಾ ಹೋಯಿತು, ತಾಳಬೇಕು, ಬರುತ್ತದೆ. ದಿನಾ ಊಟದ ಮುಂದೆ ಇದೇ ಮಾತು. ಅವಳು ಹೂಂಗುಟ್ಟುತ್ತಾ ರೊಟ್ಟಿ ನೀಡುತ್ತಿದ್ದಳು. ರೊಟ್ಟಿ ಬಡಿಯುವಾಗ ಒಮ್ಮೊಮ್ಮೆ ಎಡಗೈ ಎತ್ತಲಾರದೆ ನಿಂತುಬಿಡುತ್ತಿದ್ದಳು. ವಯಸ್ಸಾಯಿತು ಅಂದುಕೊಂಡ ಅವನು.

ಯುಗಾದಿ ಕಳೆದ ಮೇಲೆ ಗಾಳಿ ತಿರುಗಿತು. ಕಾರಹುಣ್ಣಿಮೆಯ ಹೊತ್ತಿಗೆ ಅವನ ಷೇರುಗಳಲ್ಲಿ ಹೋದದ್ದೆಲ್ಲ ವಾಪಸು ಬಂದು, ಮೇಲೆ ಸ್ವಲ್ಪ ಕೂಡಿತು. ಸಂಗಪ್ಪ ಪೇಢೆ ತಂದು ಬೀದಿಗೆಲ್ಲ ಹಂಚಿದ, ರತ್ನವ್ವನ ಬಾಯಿಗೂ ಒಂದು ಹಾಕಿದ. ಅವಳು ಅದನ್ನು ತಿಂದು ಮುಗಿಸಿ, ಎಲ್ಲಾ ಖರೇ ಬಂತೇನು ಅಂತ ಎರಡೆರಡು ಸಲ ಕೇಳಿದಳು. ಆಮೇಲೆ, ಹಂಗಾದರೆ ನಾಳೆ ನನ್ನನ್ನು ಒಮ್ಮೆ ದವಾಖಾನೆಗೆ ಕರಕೊಂಡು ಹೋಗ್ರಿ ಅಂದಳು.

ಎದೆಯಲ್ಲಿ ಗಂಟಾಗಿತ್ತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರ್ ತಸ್ನೀಮ್ ಪರೀಕ್ಷೆ ಮಾಡಿ, ಯಾವಾಗಿನಿಂದ ಇದೆ ಅಂತ ಕೇಳಿದರು. ಮೊನ್ನೆ ಮೊನ್ನೆ ಕಂಡಿತು ಅಂದಳು ರತ್ನವ್ವ. ಡಾಕ್ಟರು ನಂಬಲಿಲ್ಲ. ಶ್ವಾಸಕೋಶಕ್ಕೂ ಹರಡಿದೆ, ಆರೇಳು ತಿಂಗಳು ಮೊದಲು ಬಂದಿದ್ದರೆ ಮಾತೇ ಬೇರೆ ಇತ್ತು ಅಂತ ಸಂಗಪ್ಪನನ್ನು ಹೊರಗೆ ಕರೆದು ಹೇಳಿದರು.

ನಿಜ ಬಾಯಿಬಿಟ್ಟವಳು ಪಕ್ಕದ ಮನೆಯ ಕಾಶವ್ವ. ರೊಟ್ಟಿ ಬಡಿಯಲು ಜೊತೆಗೆ ಕೂರುತ್ತಿದ್ದವಳು ಅವಳೇ. ಗಂಟು ದೀಪಾವಳಿಯ ಎಣ್ಣೆ ನೀರಿನ ದಿನವೇ ಕೈಗೆ ಸಿಕ್ಕಿತ್ತಂತೆ. ಯಾರಿಗೂ ಹೇಳಬಾರದು ಅಂತ ರತ್ನವ್ವ ಆಣೆ ಹಾಕಿಸಿಕೊಂಡಿದ್ದಳಂತೆ. ಅದನ್ನು ಹೇಳುತ್ತಾ ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ನನಗೊಂದು ಮಾತು ಹೇಳಿದ್ರ ಅವತ್ತ ಎಲ್ಲಾ ಮಾರಿ ಒಗಿತಿದ್ನಲ್ಲ ಯವ್ವಾ!" ಅಂದ ಸಂಗಪ್ಪ.

"ಅದು ಗೊತ್ತಿತ್ತಂತನ ಅಕ್ಕ ಹೇಳಲಿಲ್ರಿ ಅಣ್ಣಾರ. ನಡುವ ಹಗೇವಿನ ಬಾಯಿ ತಗದ್ರ ಪೂರಾ ಕೆಡತೈತಿ, ಅವರು ಇಷ್ಟು ದಿನ ಕಾಯ್ದದ್ದು ಮಣ್ಣಾಗತೈತಿ ಅಂತಿದ್ಲು."

ಸಂಗಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಷೇರು ಬೇಕೆಂದಾಗ ಬೇಕಾದಷ್ಟೇ ಮಾರಬಹುದು, ಇವತ್ತು ಮಾರಿದರೆ ಎರಡು ದಿನದೊಳಗೆ ದುಡ್ಡು ಕೈಗೆ ಬರುತ್ತದೆ, ಒಂದು ತೆಗೆದರೆ ಉಳಿದದ್ದೇನೂ ಕೆಡುವುದಿಲ್ಲ. ಇಷ್ಟನ್ನು ಅವಳಿಗೆ ಅವನು ಯಾವತ್ತೂ ಹೇಳಿರಲಿಲ್ಲ. ಹೇಳಿದ್ದು ಹಗೇವಿನ ಮಾತೊಂದೇ. ಅವಳು ಅದನ್ನು ಅಕ್ಷರಕ್ಕೆ ಅಕ್ಷರ ನಂಬಿದಳು. ಟೀ ಅಂಗಡಿಯಲ್ಲಿ ತಲೆಯಾಡಿಸುತ್ತಿದ್ದವರೆಲ್ಲ ಅವನಿಗೆ ತಿಳಿಯದಂತೆ ಒಂದಷ್ಟು ಮಾರಿಕೊಂಡೇ ಇದ್ದರು, ಸುಬ್ರಮಣಿಯೂ ಸೇರಿ. ಅವನ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದವಳು ಅವಳೊಬ್ಬಳೇ. ಅಯ್ಯೋ, ಆ ಹೆಂಗಸಿನ ತಾಳ್ಮೆಯೇ!

ಆಮೇಲೆ ಅವನು ಎಲ್ಲವನ್ನೂ ಮಾರಿದ. ಇಂಜೆಕ್ಷನ್ನು, ಸ್ಕ್ಯಾನು, ರೇಡಿಯೇಷನ್ನಿನ ಕರೆಂಟು ಕೊಡೋದು, ಯಾವುದಕ್ಕೂ ಕೊರತೆ ಮಾಡಲಿಲ್ಲ. ಅವಳ ತಲೆಗೂದಲು ಉದುರಿದಾಗ ತಾನೇ ಸೆರಗು ಹೊದಿಸಿದ, ವಾಂತಿ ಬಳಿದ, ಗಂಜಿ ಕುಡಿಸಿದ. ಟೀ ಅಂಗಡಿಯ ದಾರಿಯಲ್ಲೇ ಹೋಗೋದು ಬಿಟ್ಟ. ಬೀದಿಯವರು ಎದುರಾಗಿ ಮಾರ್ಕೆಟ್ ಬಗ್ಗೆ ಕೇಳಿದರೆ ಕಿವಿ ಕೇಳದವನಂತೆ ದಾಟಿ ಹೋಗುತ್ತಿದ್ದ. ಅವನ ಮೇಲೆ ಸಿಟ್ಟು ಮಾಡಬೇಕು ಅಂದುಕೊಂಡವರಿಗೂ ಅವನ ಮುಖ ನೋಡಿದರೆ ಕರುಳು ಚುರ್ ಅನ್ನುತ್ತಿತ್ತು.

ಮತ್ತೊಂದು ದಸರೆಯ ಹೊತ್ತಿಗೆ ರತ್ನವ್ವ ಹಾಸಿಗೆಯಿಂದ ಏಳದಾದಳು. ಇನ್ನು ನೋವು ಆಗದಂತೆ ನೋಡಿಕೊಳ್ಳೋದಷ್ಟೇ ಅಂದಿದ್ದರು ಡಾಕ್ಟರು. ಒಂದು ಸಂಜೆ ಅವಳಿಗೆ ಸ್ವಲ್ಪ ಗೆಲುವಾಗಿತ್ತು. ಹತ್ತಿರ ಬರಲು ಸನ್ನೆ ಮಾಡಿದಳು.

"ಎಲ್ಲಾ ಮಾರಿದ್ರ್ಯಾ?"

ಮಾರಿದೆ ಅಂದ ಅವನು.

"ಹಾಕಿದ್ದಕ್ಕಿಂತ ಕಡಿಮಿ ಬಂತೇನು?"

ಅವನಿಗೆ ಸುಳ್ಳು ಹೇಳೋಣವೇ ಅನ್ನಿಸಿತು, ಆದರೆ ಯಾವ ಸುಳ್ಳು ಹೇಳಿದರೆ ಅವಳಿಗೆ ಸಮಾಧಾನ ಆಗುತ್ತದೆ ಅಂತಲೂ ತಿಳಿಯಲಿಲ್ಲ. ಇಲ್ಲ, ಹೆಚ್ಚೇ ಬಂತು ಅಂದ.

ರತ್ನವ್ವನ ಬತ್ತಿದ ಮುಖ ಅರಳಿತು. ಅವನ ಕೈ ಹಿಡಿದುಕೊಂಡಳು.

"ನೋಡ್ರಿ ಮತ್ತ. ನೀವು ಕಾಯ್ದಂಗ ನಾನೂ ಕಾಯ್ದೆ."

ಸಂಗಪ್ಪ ಆ ಕೈಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡ. ಅವಳು ಅವನ ಬಾಯನ್ನೇ ನೋಡುತ್ತಾ ಕಾದಿದ್ದಳು.

"ಹೌದು ರತ್ನಾ," ಅಂದ. "ಚಲೋ ಕಾಯ್ದಿ."