ಸವಳು ಬಾವಿಯ ಮರ್ಯಾದೆ

ಬಾವಿಯ ಹೆಸರೆತ್ತಿದರೆ ಸಾಕು, ನಮ್ಮ ಮಾವನವರ ತಲೆ ತಗ್ಗುತ್ತಿತ್ತು. ಮಣ್ಣೂರಿನ ಪಕ್ಕದಲ್ಲೇ ಹೊಲ, ಕೂಗಳತೆಯಲ್ಲಿ ಭೀಮಾ ಹೊಳೆ. ಆದರೂ ನಮ್ಮ ಬಾವಿಯಲ್ಲಿ ಬಿದ್ದದ್ದು ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾದ ಹಾಲು ಒಡೆಯುತ್ತದೆ. ‘ಉಪ್ಪಿನ ಬಾವಿಯವರು’ ಎಂದು ಊರವರು ಆಡಿಕೊಳ್ಳುತ್ತಿದ್ದರು.

ನನ್ನ ಮೈದುನ ದೇವೀಂದ್ರಪ್ಪ ಆ ನೀರನ್ನೇ ಪಳಗಿಸಿದ. ಉಪ್ಪು ಬೋದಿನ, ಅಂದರೆ ಸಾಲುಗಳ ನಡುವಿನ ಮಣ್ಣಿನ ದಿಂಡಿನ, ನೆತ್ತಿಗೆ ಏರುತ್ತದೆಂದು ಕಂಡುಕೊಂಡು ಸಸಿಗಳನ್ನು ಬೋದಿನ ಪಕ್ಕೆಗೆ ನೆಟ್ಟ. ಬದನೆ, ಪಾಲಕ್ ಏನು ಬಂದವು ಅಂತೀರಿ! ಎಂಬತ್ತಾರರ ಆ ಬಿರುಬೇಸಿಗೆಯಲ್ಲಿ ಹಸಿರು ಇದ್ದದ್ದು ಇವನ ತೋಟದಲ್ಲಿ ಮಾತ್ರ.

ಆಗಲೇ ಯಡ್ರಾಮಿಯ ಶಾಂತಲಿಂಗಪ್ಪನವರು ಮಗಳಿಗಾಗಿ ವರ ನೋಡಲು ಬಂದರು. ಜೇವರ್ಗಿಯ ಮದುವೆಯೊಂದರಲ್ಲಿ ಆ ಹುಡುಗಿಯನ್ನು ಕಂಡಾಗಿನಿಂದ ಮೈದುನನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. “ಬಾವಿ ಸುದ್ದಿ ತೆಗಿಬ್ಯಾಡ್ರಿ. ಸವಳು ನೀರಿನ ಮನಿಗಿ ಯಾರು ಹೆಣ್ಣು ಕೊಡ್ತಾರ?” ಎಂದು ಮಾವ ನಮಗೆಲ್ಲ ತಾಕೀತು ಮಾಡಿದ್ದರು.

ಶಾಂತಲಿಂಗಪ್ಪನವರು ಎಣ್ಣೆಗಾಯಿ ಪಲ್ಯವನ್ನು ಮತ್ತೆ ಹಾಕಿಸಿಕೊಂಡು ಉಂಡರು. “ಈ ಬದನಿಗಿ ಯಾವ ನೀರ್ರಿ?” ಎಂದು ಕೇಳಿದರು.

“ಹೊಳಿ ನೀರ್ರಿ. ಸಕ್ಕರಿ ಇದ್ದಂಗ ಅದ,” ಎಂದರು ಮಾವ.

ಬೀಗರ ಮುಖ ಬಾಡಿತು. “ಹೌದೇನಪಾ?” ಎಂದು ಹುಡುಗನನ್ನೇ ಕೇಳಿದರು. ದೇವೀಂದ್ರಪ್ಪ ಅಪ್ಪನ ಮುಖ ನೋಡಿದ, ನೆಲ ನೋಡಿದ, “ಹೌದ್ರಿ,” ಎಂದ.

“ಹಂಗಾರ ನಾ ಕೇಳಿದ್ದು ಸುಳ್ಳ ಸುದ್ದಿ,” ಎಂದು ಅವರು ನಿಟ್ಟುಸಿರು ಬಿಟ್ಟರು. “ನನಗ ಒಬ್ಬಾಕೀ ಮಗಳು. ಆಕಿಗಿ ಕೊಡೋ ಹೊಲದಾಗ ಪೂರಾ ಸವಳು ನೀರು. ಅಂಥಾ ನೀರಿನ್ಯಾಗ ಬೆಳಿ ತೆಗಿಯೋ ಹುಡುಗ ಇದ್ದಾನಂತ ಬಂದಿದ್ದೆ.” ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು. ಮೈದುನ ತೋಟದ ಕಡೆ ನಡೆದ.

ನನ್ನ ಮೈಯೆಲ್ಲ ಉರಿದುಹೋಯಿತು. “ಏನ್ ಕುಂತೀರಿ ಮಾವಾ? ಹೋಗಿ ಖರೇ ಹೇಳ್ರಿ!” ಎಂದು ಒದರಿದೆ. ಮಾವ ಬಾವಿ ನೀರನ್ನು ಚೊಂಬಿಗೆ ತುಂಬಿಕೊಂಡು ಓಡಿದರು. ಅವರ ಬೆನ್ನಿಗೆ ನಾನೂ ಓಡಿದೆ. ಬಸ್ಸು ಬಂದು ನಿಂತಿತ್ತು.

“ನಮ್ಮ ಬಾವಿ ಸವಳೇ ಅದರಿ. ಕುಡುದು ನೋಡ್ರಿ,” ಎಂದು ಮಾವ ಏದುಸಿರು ಬಿಡುತ್ತ ಚೊಂಬು ಚಾಚಿದರು.

ಶಾಂತಲಿಂಗಪ್ಪನವರು ಚೊಂಬು ಮುಟ್ಟಲಿಲ್ಲ. “ಉಪ್ಪು ಕಲಸಿದ್ರ ಯಾವ ನೀರಾದ್ರೂ ಸವಳು ಆಗ್ತದ್ರಿ. ನಿಮ್ಮ ಮಗ ನನ್ನೆದುರು ಹೊಳಿ ನೀರು ಅಂದಾನ. ಅಂವ ಸುಳ್ಳಗಾರ ಏನು?”

‘ಸುಳ್ಳಗಾರ ನಾನ್ರಿ, ಅಂವ ನನ್ನ ಮಾನ ಉಳಿಸ್ಯಾನ’ ಎಂದು ಮಾವ ಹೇಳಬೇಕಿತ್ತು. ಬಸ್ಸಿನ ಕಿಟಕಿಗಳ ತುಂಬ ಊರವರ ಮುಖಗಳು. ಮಾವ ಆ ಕಡೆ ನೋಡಿ, ಚಾಚಿದ್ದ ಚೊಂಬನ್ನು ಹಿಂದಕ್ಕೆ ಎಳೆದುಕೊಂಡರು. ಬೀಗರು ಬಸ್ಸು ಹತ್ತಿದರು.

ಧೂಳು ಇಳಿದ ಮೇಲೆ ಮಾವ ನನ್ನ ಕಡೆ ತಿರುಗಿದರು. “ದೇವೀಂದ್ರಗ ಹ್ಯಾಂಗ ಮುಖ ತೋರಸ್ಲಿ ಯವ್ವಾ?” ಎಂದು ಕೇಳಿದರು. ನಾನು ಅವರ ಕೈಯಿಂದ ಚೊಂಬು ಇಸಿದುಕೊಂಡು ತೋಟದ ದಾರಿ ಹಿಡಿದೆ.