ಫೋಕಸ್ ಲೈಟಿನ ಅವರೆ

ನಮ್ಮ ಮನೆಯಲ್ಲಿ ಏನು ಕೆಟ್ಟರೂ ಅದು ಕೋಳಿಗಳ ತಲೆಗೇ ಬರುತ್ತದೆ. ನಲ್ಲಿ ಪೈಪು ಒಡೆದರೆ ಕೋಳಿ ಕೆರೆದದ್ದು, ಒಂದು ಚಪ್ಪಲಿ ಕಾಣದಿದ್ದರೆ ಕೋಳಿ ಎಳೆದದ್ದು. ನಮ್ಮ ಯಜಮಾನರು ಅನಂತರಾಜು ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಹತ್ತದೆ ಹೊರಳಾಡಿದರೆ ಅದಕ್ಕೂ ಹುಂಜವೇ ಕಾರಣ, ಫ್ಯಾಕ್ಟರಿ ಗೇಟಿನಲ್ಲಿ ಕೂತು ಬೆಳಗಿನವರೆಗೆ ಹೀರಿದ ಟೀ ಅಲ್ಲ. ಹೀಗಿರುವಾಗ ಆ ವರ್ಷ ಅವರೆ ಬಳ್ಳಿ ಹೂ ಬಿಡದೆ ನಿಂತಾಗ ತಪ್ಪು ಯಾರ ಮೇಲೆ ಬಿತ್ತು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ನಮ್ಮದು ರಾಮನಗರಕ್ಕೂ ಬಿಡದಿಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಕ್ಕಿರುವ ಊರು. ಮನೆಯ ಹಿಂದಿನ ಹೊಲ ಫ್ಯಾಕ್ಟರಿಗೆ ಹೋಯಿತು. ಹಿತ್ತಲು ಮುಗಿಯುವ ಕಡೆ ಎತ್ತರದ ಕಾಂಪೌಂಡು ಎದ್ದಿತು. ಹೊಲ ಕೊಟ್ಟವರಿಗೆ ಕೆಲಸ ಅಂದಿದ್ದರು, ಕೊಟ್ಟರು ಕೂಡ. ನಮ್ಮವರು ರಾಗಿ ತುಳಿಸುತ್ತಿದ್ದ ಕಣದ ಜಾಗದಲ್ಲೇ ಈಗ ಗೇಟು, ಆ ಗೇಟಿಗೆ ನಮ್ಮವರೇ ಸೆಕ್ಯೂರಿಟಿ. ಮೇವಿಲ್ಲದೆ ಹಸು ಹೋಯಿತು. ಹಿಪ್ಪುನೇರಳೆ ಹೋದ ಮೇಲೆ ರೇಷ್ಮೆ ಹುಳುವಿನ ತಟ್ಟೆಗಳೆಲ್ಲ ಅಟ್ಟ ಸೇರಿದವು. ಹೊತ್ತು ಹುಟ್ಟುವ ಮೊದಲೇ ಎದ್ದು ದುಡಿದ ಕೈಗೆ ಕೆಲಸ ಅಂತ ಉಳಿದದ್ದು ಹಿತ್ತಲಿನ ನಾಲ್ಕು ಪಾತಿ ಮತ್ತು ಕೋಳಿಗಳು. ಪಾತಿಗಳನ್ನು ನಮ್ಮವರು ತಮ್ಮದು ಮಾಡಿಕೊಂಡರು. ಕೋಳಿಗಳು ಮಾತ್ರ ನನ್ನವು. ನಾನು ಬಾಗಿಲು ತೆಗೆದ ಸದ್ದಿಗೆ ಓಡಿ ಬರುವ ಜೀವ ಆ ಮನೆಯಲ್ಲಿ ಇನ್ನೊಂದಿರಲಿಲ್ಲ.

ಹಿಂದಿನ ಸಂಕ್ರಾಂತಿಗೆ ಮೊದಲ ಸಲ ನಾವು ಅವರೆಕಾಯಿ ಕೊಂಡು ತಂದೆವು. ರಾಮನಗರದ ಮಾರ್ಕೆಟ್ಟಿನಲ್ಲಿ ನಮ್ಮವರು ಚೀಲ ಹಿಡಿದು ನಿಂತಿದ್ದಾಗ ಪಕ್ಕದ ಮನೆಯ ಲಿಂಗಯ್ಯ ನೋಡಿಬಿಟ್ಟ. "ಏನ್ಲಾ ಅನಂತ, ಅವರೆಕಾಯ್ನೂ ಕೊಂಡ್ಕೊಂಡ್ ತಿನ್ನಂಗಾಯ್ತಾ?" ಅಂದನಂತೆ. ಅಂದವನು ಮರೆತ. ಇವರು ವರ್ಷವಿಡೀ ಮರೆಯಲಿಲ್ಲ. ನನ್ನ ತವರು ಮಾಗಡಿ ಕಡೆ, ಕಲ್ಯ. ಅಲ್ಲಿ ಅವರೆಗೇನು ಬರ ಇಲ್ಲ, ನನ್ನ ತಮ್ಮ ಸ್ವಾಮಿ ಮೂಟೆಗಟ್ಟಲೆ ಕಳಿಸುತ್ತಾನೆ. ಅದೂ ಬೇಡವಂತೆ. ಬಿತ್ತನೆ ಬೀಜ ಒಂದಿಷ್ಟು ಸಾಕು, ಬರುವ ಸಂಕ್ರಾಂತಿಗೆ ನಮ್ಮ ಹಿತ್ತಲ ಕಾಯಿಯೇ ಬೇಯಬೇಕು ಅಂತ ಹಟ ಹಿಡಿದರು.

ಬೀಜ ಊರುವ ಮೊದಲೇ ಇನ್ನೊಂದು ಘನಕಾರ್ಯ ಆಗಿತ್ತು. ಕಾಂಪೌಂಡಿನ ಮೂಲೆಯ ಕಂಬದಲ್ಲಿ ಫ್ಯಾಕ್ಟರಿಯವರ ಒಂದು ಫೋಕಸ್ ಲೈಟು ಇತ್ತು. ಯುಗಾದಿ ಕಳೆದ ಮೇಲೆ ಎಲೆಕ್ಟ್ರಿಷಿಯನ್ ಶಿವಕುಮಾರನನ್ನು ಪುಸಲಾಯಿಸಿ ಅದರ ಮುಖವನ್ನು ನಮ್ಮ ಹಿತ್ತಲ ಕಡೆಗೆ ತಿರುಗಿಸಿಕೊಂಡರು. "ಭೂಮಿ ಅಂತೂ ತಗಂಡವ್ರೆ, ಅವರ ಬೆಳಕಾದ್ರೂ ಒಸಿ ನಮ್ಮ ಮೇಲೆ ಬೀಳ್ಲಿ" ಅಂದರು. ಸಂಜೆ ಹತ್ತಿಕೊಂಡರೆ ಬೆಳಗಿನವರೆಗೆ ಉರಿಯುತ್ತಿತ್ತು. ಊರಿಗೆಲ್ಲ ಕರೆಂಟು ಹೋದರೂ ಅವರ ಜನರೇಟರಿನಲ್ಲಿ ನಮ್ಮ ಹಿತ್ತಲು ಮದುವೆ ಮನೆಯ ಹಾಗೆ ಬೆಳಗುತ್ತಿತ್ತು. ಬಂದ ನೆಂಟರಿಗೆಲ್ಲ ಅದನ್ನು ತೋರಿಸದೆ ಊಟಕ್ಕೆ ಕೂರಿಸುತ್ತಿರಲಿಲ್ಲ. ಲಿಂಗಯ್ಯನ ಮನೆಯವರು ಆ ಬೆಳಕಿನಲ್ಲೇ ಕೂತು ರಾಗಿ ಹಸನು ಮಾಡುತ್ತಿದ್ದರು. ನಮ್ಮವರ ಎದೆ ಉಬ್ಬುತ್ತಿತ್ತು.

ಆಷಾಢದಲ್ಲಿ ಬೀಜ ಊರಿದರು. ಗೌರಿ ಹಬ್ಬದ ಹೊತ್ತಿಗೆ ಬಳ್ಳಿ ಚಪ್ಪರ ಹತ್ತಿ, ಅಲ್ಲಿಂದ ಪಕ್ಕದ ಕೋಳಿಗೂಡಿನ ಮೇಲೂ ಹಬ್ಬಿತು. ಅದೇ ಸಮಯಕ್ಕೆ ನನ್ನ ಬೂದಿ ಬಣ್ಣದ ಯಾಟೆ ಕಾವಿನಿಂದ ಎದ್ದು ಮರಿಗಳನ್ನು ಕರೆದುಕೊಂಡು ಹೊರಗೆ ಬಂತು. ಅಂಥ ತಾಯಿಕೋಳಿಯನ್ನು ನಾನು ಬೇರೆ ಕಂಡಿಲ್ಲ. ಹದ್ದಿನ ನೆರಳು ಬಿದ್ದರೆ ಸಾಕು, ಗದರಿಸಿ ಮರಿಗಳನ್ನೆಲ್ಲ ಬದನೆ ಗಿಡದಡಿ ಸೇರಿಸಿಬಿಡುತ್ತಿತ್ತು. ನುಚ್ಚು ಹಾಕಿದರೆ ಮರಿಗಳು ತಿಂದ ಮೇಲೇ ತಾನು ಬಾಯಿ ಹಾಕುತ್ತಿತ್ತು.

ಆದರೆ ಕೋಳಿ ಅಂದ ಮೇಲೆ ಕೆರೆಯುತ್ತದೆ. ಕೆರೆಯಬೇಡ ಅಂತ ಅದಕ್ಕೆ ಹೇಳುವವರು ಯಾರು? ದಂಟಿನ ಸೊಪ್ಪಿನ ಪಾತಿ ಕೆರೆದು ಹಾಕಿದವು. ಕೊತ್ತಂಬರಿ ಮೊಳಕೆ ಹೆಕ್ಕಿದವು. ನಮ್ಮವರು ಪಾತಿಯ ಸುತ್ತ ಜಾಲಿ ಮುಳ್ಳು ಹೊದಿಸಿದರು, ಆ ಮುಳ್ಳು ಚುಚ್ಚಿದ್ದು ನನ್ನ ಕಾಲಿಗೆ. ಮರಿಗಳನ್ನು ಮಂಕರಿ ಅಡಿ ಮುಚ್ಚಿಡು ಅಂದರು. ಮುಚ್ಚಿಟ್ಟರೆ ಸೆಕೆಗೆ ಬಾಯಿ ತೆರೆಯುತ್ತವೆ, ಬಿಟ್ಟರೆ ಪಾತಿಗೆ ಹೋಗುತ್ತವೆ. ದಿನಾ ಮುಚ್ಚುವುದು, ತೆಗೆಯುವುದು, ಅಟ್ಟುವುದು, ಬೈಸಿಕೊಳ್ಳುವುದು. ಒಂದೊಂದು ದಿನ ಕೋಳಿಯೂ ಬೇಡ, ಪಾತಿಯೂ ಬೇಡ, ಎಲ್ಲಾದರೂ ಹೋಗಿ ಕೂತುಬಿಡೋಣ ಅನ್ನಿಸುತ್ತಿತ್ತು.

ಇದರ ಮೇಲೆ ಆ ಲೈಟು. ಹೊತ್ತು ಮುಳುಗಿದರೂ ಕತ್ತಲಾಗದ ಮೇಲೆ ಮರಿಗಳು ಮಲಗುವುದು ಹೇಗೆ? ಗೂಡಿನೊಳಗೆ ಸೇರಿಸಿದರೂ ಚಿಂವ್ ಚಿಂವ್ ಅಂತ ಓಡಾಡುತ್ತಿದ್ದವು, ಒಂದನ್ನೊಂದು ಕುಕ್ಕಿ ಬಾಲದ ಪುಕ್ಕ ಕಿತ್ತುಕೊಂಡವು. ತಾಳಲಾರದೆ ನಾನು ರಾಗಿಯ ಖಾಲಿ ಗೋಣಿಚೀಲಗಳನ್ನು ಹೊಲಿದು, ಲೈಟಿನ ಕಡೆಗೆ ಗೂಡಿಗೆ ಅಡ್ಡವಾಗಿ, ಎರಡು ಗಳ ನೆಟ್ಟು ಎತ್ತರಕ್ಕೆ ಕಟ್ಟಿಬಿಟ್ಟೆ. ಅವತ್ತಿನಿಂದ ಮರಿಗಳು ತೆಪ್ಪಗೆ ಮಲಗಿದವು.

ನಮ್ಮವರಿಗೆ ಮೈಯೆಲ್ಲ ಉರಿಯಿತು. "ನಾನು ಅವರಿವರ ಕಾಲು ಕಟ್ಟಿ ಬೆಳಕು ತರ್ಸಿದ್ರೆ ನೀನು ಗೋಣಿಚೀಲ ಕಟ್ಟೀಯಾ? ನೋಡ್ದೋರು ಏನಂತಾರೆ?"

"ನೋಡೋರು ಬಂದು ಇಲ್ಲಿ ಮಲಗ್ತಾರಾ? ಮರಿ ಮಲಗ್ಬೇಕು" ಅಂದೆ.

ದೀಪಾವಳಿ ಬಂತು. ಚಳಿ ಬಿತ್ತು, ಮಂಜೂ ಇಳಿಯಿತು. ಸುತ್ತಮುತ್ತ ಎಲ್ಲರ ಅವರೆ ಹೂವಾಗಿ ಬದುವಿನಲ್ಲಿ ನಡೆದರೆ ಸೊಗಡು ಮೂಗಿಗೆ ಹೊಡೆಯುತ್ತಿತ್ತು. ನಮ್ಮದು ಮಾತ್ರ ಎಲೆಯೇ ಎಲೆ. ಕೈಯಗಲದ ಕಡುಹಸುರು ಎಲೆ, ಬೆರಳು ದಪ್ಪದ ಬಳ್ಳಿ, ಹೂವಿನ ಸುಳಿವೇ ಇಲ್ಲ. ನಮ್ಮವರು ಪಾಳಿಯಿಂದ ಬಂದವರು ಯೂನಿಫಾರಂ ಸಹ ಬಿಚ್ಚದೆ ಚಪ್ಪರದಡಿ ನಿಂತು ಕತ್ತೆತ್ತಿ ನೋಡುತ್ತಿದ್ದರು. ಲಿಂಗಯ್ಯ ಬೇಲಿಯಾಚೆಯಿಂದ ಇಣುಕಿ, "ಚೆಂದಾಗಿ ಬಂದೈತೆ ಕಣ್ಲಾ. ಮೇಕೆ ಸಾಕು, ಸೊಪ್ಪಿಗೇನೂ ಮೋಸ ಇಲ್ಲ" ಅಂದ. ಆ ಸಿಟ್ಟೆಲ್ಲ ಒಳಗೆ ಬಂದು ನನ್ನ ಮೇಲೆ ಒಡೆಯಿತು.

"ಎಲ್ಲಾ ನಿನ್ನ ಕೋಳಿ ಗೊಬ್ಬರ ಕಣಮ್ಮಿ! ಕೊಬ್ಬೋಗ್ಬುಟ್ಟೈತೆ ಬಳ್ಳಿ. ಕೊಬ್ಬಿದ್ದು ಎಲ್ಲಾದ್ರೂ ಕಾಯಿ ಬುಡ್ತದಾ?"

ಗೊಬ್ಬರ ಹೆಚ್ಚಾದರೆ ಹಾಗಾಗುವುದುಂಟು, ಅದು ನನಗೂ ಗೊತ್ತು. ಅದಕ್ಕೇ ಮಾತು ಬೆಳೆಸಲಿಲ್ಲ. ಬುಡದ ಮಣ್ಣು ಬಿಡಿಸಿ ಕೋಳಿ ಹಿಕ್ಕೆಯನ್ನೆಲ್ಲ ಬಾಚಿ ತಿಪ್ಪೆಗೆ ಹಾಕಿದೆ. ಬಳ್ಳಿಯ ತುದಿ ಚಿವುಟಿದೆ. ನೀರು ಬಿಡುವುದು ನಿಲ್ಲಿಸಿದೆ. ಹುಳಿ ಮಜ್ಜಿಗೆ ಚಿಮುಕಿಸಿದೆ. ನಡು ಬಿದ್ದುಹೋಗುವಷ್ಟು ಮಾಡಿದೆ. ಬಳ್ಳಿ ನನ್ನನ್ನು ಅಣಕಿಸುವ ಹಾಗೆ ಇನ್ನಷ್ಟು ಎಲೆ ಬಿಟ್ಟಿತು.

ಕೊನೆಗೆ ನಮ್ಮವರು ತೀರ್ಮಾನ ಕೊಟ್ಟರು. "ಷಷ್ಠಿ ಹೊತ್ಗೆ ಚಪ್ಪರದಲ್ಲಿ ಹೂ ಕಾಣ್ಬೇಕು. ಕಾಣ್ದಿದ್ರೆ ಒಂದು ಕೋಳಿನೂ ಈ ಹಿತ್ತಲಲ್ಲಿ ಇರಕೂಡ್ದು. ಆಮೇಲೆ ನನ್ನ ಅನ್ಬ್ಯಾಡ."

ಹೂ ಬಿಡುವುದು ಬಳ್ಳಿಯ ಕೈಲಿ, ಶಿಕ್ಷೆ ನನ್ನ ಕೋಳಿಗೆ. ನಾನು ದಿನಾ ಬೆಳಗ್ಗೆ ಎದ್ದು ಚಪ್ಪರ ನೋಡುತ್ತಿದ್ದೆ, ದೇವರ ಮನೆಗೂ ಆಮೇಲೆ ಹೋಗುತ್ತಿದ್ದೆ. ಗೂಡಿನ ಹಿಂಬದಿಗೆ ಇಳಿದ ಬಳ್ಳಿಯನ್ನು ಮಾತ್ರ ಯಾರೂ ನೋಡಲಿಲ್ಲ. ಅಲ್ಲಿ ಗೋಣಿಚೀಲದ ಮರೆ, ಜಾಲಿ ಮುಳ್ಳಿನ ರಾಶಿ, ಕಾಲಿಡಲು ಜಾಗವಿಲ್ಲ.

ಷಷ್ಠಿ ಕಳೆದ ಮಾರನೆಯ ದಿನ ನಮ್ಮವರು ಖಾಸಿಂನನ್ನು ಕರೆತಂದರು. ಖಾಸಿಂ ಊರೂರು ತಿರುಗಿ ನಾಟಿಕೋಳಿ ಹಿಡಿದು ಪೇಟೆಯ ಹೋಟೆಲುಗಳಿಗೆ ಹಾಕುವವನು. ಟಿವಿಎಸ್ ಗಾಡಿಯ ಎರಡೂ ಬದಿಗೆ ಬುಟ್ಟಿ ಕಟ್ಟಿಕೊಂಡು ಬಂದ. ನಾನು ಅಡುಗೆ ಮನೆಯಿಂದ ಹೊರಗೆ ಬರಲಿಲ್ಲ. ಬೂದಿ ಯಾಟೆಯನ್ನು ಹಿಡಿಯಲು ಮಾತ್ರ ಅವರಿಬ್ಬರಿಗೂ ಆಗಲಿಲ್ಲ. ಅದು ಎಳೆಗೋಳಿಗಳಾಗಿ ಬೆಳೆದಿದ್ದ ಮರಿಗಳನ್ನು ಬೆನ್ನಿಗೆ ಹಾಕಿಕೊಂಡು ಅವರನ್ನು ಹಿತ್ತಲೆಲ್ಲ ಓಡಾಡಿಸಿಬಿಟ್ಟಿತು. ಕೊನೆಗೆ ಖಾಸಿಂ ಬಾಗಿಲಿಗೆ ಬಂದು, "ಅಕ್ಕಾ, ನೀವೊಂದ್ಸಲ ಕರೀರಿ, ನಿಮ್ಮ ದನಿಗೆ ಬತ್ತದೆ" ಅಂದ.

ನಾನು ಕರೆಯಲ್ಲ ಅಂದೆ. ನಮ್ಮವರು ಗದರಿದರು. ಊರಿನವರ ಎದುರು ರಂಪ ಯಾಕೆ ಅಂತ ಹಿಡಿ ನುಚ್ಚು ತೆಗೆದುಕೊಂಡು ಹೊರಗೆ ಬಂದು "ಬಾ ಬಾ ಬಾ" ಅಂದೆ. ಬಂತು. ಮರಿಗಳೂ ಬಂದವು. ನನ್ನ ಕಾಲ ಬುಡದಲ್ಲೇ ಹಿಡಿದರು. ಆ ಕ್ಷಣ ನಮ್ಮವರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಗಾಡಿ ಹೋದ ಮೇಲೆ ಗೂಡು ಕೀಳಲು ನಿಂತರು. ಗಳ ಅಲ್ಲಾಡಿಸಿ ಕಿತ್ತು, ಗೋಣಿಚೀಲ ಎಳೆದು ಬಿಸಾಡಿ, ಮುಳ್ಳು ಸರಿಸಿದರು. ಆಮೇಲೆ ಸದ್ದೇ ಇಲ್ಲ. ಏನಾಯಿತು ಅಂತ ನಾನು ಹಿಂದಕ್ಕೆ ಹೋದೆ. ಗೂಡಿನ ಹಿಂಬದಿಗೆ ಇಳಿದಿದ್ದ ಬಳ್ಳಿಯ ತುಂಬ ಹೂ. ಬಿಳಿ ಗೊಂಚಲು ಗೊಂಚಲು. ಕೆಳಗಿನ ಗೊಂಚಲುಗಳಲ್ಲಿ ಆಗಲೇ ಕಿರುಬೆರಳಷ್ಟು ಕಾಯಿ. ತಡೆದಿಟ್ಟಿದ್ದ ಸೊಗಡು ಗಮ್ಮಂತ ಬಂತು.

ನಾನು ಬಳ್ಳಿಯನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ನೋಡುತ್ತಾ ಹೋದೆ. ಗೋಣಿಚೀಲದ ಅಂಚು ಎಲ್ಲಿತ್ತೋ ಅಲ್ಲಿಗೆ ಹೂ ನಿಂತಿತ್ತು. ಅಂಚು ದಾಟಿದ ಮೇಲೆ ಬರೀ ಎಲೆ. ಕೋಳಿ ಹಿಕ್ಕೆ ಎಲ್ಲಕ್ಕಿಂತ ಹೆಚ್ಚು ಬಿದ್ದ ಜಾಗ ಅದೇ. ಅಲ್ಲೇ ಹೂ! ತವರಿನಲ್ಲಿ ಅಪ್ಪ, ಇರುಳು ಉದ್ದವಾದ ಮೇಲೇ ಅವರೆ ಹೂವಿಗೆ ಬರುವುದು ಅನ್ನುತ್ತಿದ್ದದ್ದು ಆಗ ನೆನಪಾಯಿತು. ನಮ್ಮ ಹಿತ್ತಲಿಗೆ ಇರುಳು ಅನ್ನುವುದೇ ಇರಲಿಲ್ಲವಲ್ಲ.

"ಗೊಬ್ಬರ ಅಲ್ಲ ಕಣ್ರೀ, ನಿಮ್ಮ ಲೈಟು! ಕತ್ತಲಿದ್ದ ಕಡೆ ಹೂವಾಗೈತೆ ನೋಡಿ. ಹೋಗಿ, ಈಗ್ಲೇ ಹೋಗಿ ಖಾಸಿಂನ ಹಿಡೀರಿ, ಇನ್ನೂ ಹೆದ್ದಾರಿ ಮುಟ್ಟಿರಲ್ಲ" ಅಂದೆ.

"ನಾಕು ಹೂ ನೋಡ್ಬುಟ್ಟು ಏನೇನೋ ಹೇಳ್ಬ್ಯಾಡ. ಲೈಟ್ಗೂ ಅವರೆಗೂ ಏನ್ಲೇ ಸಂಬಂಧ?" ಅಂದರು. ದನಿಯಲ್ಲಿ ಬಿರುಸು ಇರಲಿಲ್ಲ. ಆದರೂ ಹೋಗಲಿಲ್ಲ. ಆಗಷ್ಟೇ ಕಳಿಸಿದ ಕೋಳಿಯನ್ನು ಬೆನ್ನಿಗೇ ವಾಪಸ್ ಕೇಳುವುದು ಗಂಡಸಿಗೆ ಅವಮಾನ ಅಲ್ಲವೇ! ನಾನು ಬೈದು ಅತ್ತುಬಿಟ್ಟೆ. ಟವೆಲು ಮುಖಕ್ಕೆ ಹಾಕಿಕೊಂಡು ಮಲಗಿಬಿಟ್ಟರು.

ಸಂಜೆ ಲೈಟು ಹತ್ತಿಕೊಂಡಾಗ ಎದ್ದು ಹಿತ್ತಲಿಗೆ ಹೋದರು. ಬಿದ್ದಿದ್ದ ಗೋಣಿಚೀಲ ಎತ್ತಿ, ಅದು ಮೊದಲಿದ್ದ ಜಾಗಕ್ಕೆ ಎರಡೂ ಕೈಯಲ್ಲಿ ಹಿಡಿದು ನಿಂತರು. ನೆರಳು ಹೋಗಿ ಬಿದ್ದದ್ದು ಸರಿಯಾಗಿ ಹೂವಿದ್ದ ಕಡೆಗೆ. ಚೀಲ ಇಳಿಸಿದರು, ಮತ್ತೆ ಎತ್ತಿದರು. ಆಮೇಲೆ ಗಳಗಳನ್ನು ವಾಪಸ್ ನೆಟ್ಟರು.

ಬೆಳಿಗ್ಗೆ ಪಾಳಿ ಬಿಟ್ಟವರು ಮನೆಗೂ ಬರದೆ ಸೀದಾ ಸೈಕಲ್ ತುಳಿದುಕೊಂಡು ರಾಮನಗರಕ್ಕೆ ಹೋದರು. ಖಾಸಿಂ ಮನೆಯ ಮುಂದೆ ಬುಟ್ಟಿಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರಂತೆ. "ನಿನ್ನೆ ಸಂಜೆನೇ ಬಂದಿದ್ರೆ ಸಿಕ್ತಿದ್ವು ಅಣ್ಣಾ" ಅಂದನಂತೆ ಅವನು. ಇದನ್ನು ನಮ್ಮವರೇ ಬಂದು ಹೇಳಿದರು. ನಾನು ತಟ್ಟೆಗೆ ಮುದ್ದೆ ಇಟ್ಟು ಒಳಗೆ ಹೋದೆ.

ಲೈಟು ತಿರುಗಿಸಲು ಶಿವಕುಮಾರನನ್ನು ಕೇಳಿದರೆ ಅವನು ತಲೆ ಕೆರೆದುಕೊಂಡ. ಆಗ ಹೊಸದು, ಯಾರೂ ಗಮನಿಸಲಿಲ್ಲ. ಈಗ ಕಾಂಪೌಂಡಿನ ಆಚೆ ಬೆಳಕು ಇರಲೇಬೇಕು ಅಂತ ಸಾಹೇಬರು ಆರ್ಡರು ಮಾಡಿದ್ದಾರೆ, ಕೈ ಹಾಕಿದರೆ ಕೆಲಸ ಹೋಗುತ್ತದೆ ಅಂದ. ಬೆಳಕನ್ನು ಬೇಡಿ ತಂದದ್ದು ಇವರು. ಈಗ ಅದನ್ನು ಕಾಯುವುದೂ ಇವರದೇ ಡ್ಯೂಟಿ.

ಸಂಕ್ರಾಂತಿಗೆ ಆ ಒಂದು ಬಳ್ಳಿಯಿಂದ ಒಂದು ಮೊರ ಕಾಯಿ ಸಿಕ್ಕಿತು. ನಮ್ಮವರು ತಾವೇ ಬಿಡಿಸಿ ತಂದು ನನ್ನ ಮುಂದಿಟ್ಟರು. "ಕೊಂಡಿದ್ದಲ್ಲ" ಅಂದರು, ಮೆಲ್ಲಗೆ. ಆಮೇಲೆ, "ಬ್ಯಾರೆ ಯಾಟೆ ತರಾನ ಬುಡು" ಅಂದರು.

"ತಂದು ಈ ಬೆಳಕಲ್ಲಿ ಎಲ್ಲಿ ಮಲಗಿಸ್ತೀರಾ?" ಅಂದೆ.

ಹಿತ್ತಲ ಬಾಗಿಲಲ್ಲಿ ಚಾಪೆ ಹಾಸಿ ಸುಲಿಯಲು ಕೂತೆ. ಅವರೆಕಾಯಿ ಅಂದ ಮೇಲೆ ಹುಳ ಇದ್ದೇ ಇರುತ್ತದೆ. ದಪ್ಪನೆಯ ಹಸಿರು ಹುಳ. ಪ್ರತಿ ವರ್ಷ ಸುಲಿಯಲು ಕೂತರೆ ಕೋಳಿಗಳು ಸುತ್ತ ನಿಂತು ನನ್ನ ಬೆರಳನ್ನೇ ನೋಡುತ್ತಿರುತ್ತಿದ್ದವು. ಹುಳ ನೆಲ ಮುಟ್ಟುವ ಮೊದಲೇ ಮಾಯವಾಗುತ್ತಿತ್ತು. ಮೊದಲ ಹುಳ ಸಿಕ್ಕಿತು. ಯೋಚಿಸದೆ ಹಿತ್ತಲಿಗೆ ಎಸೆದು "ಬಾ ಬಾ ಬಾ" ಅಂದೆ.

ಚಪ್ಪರದಡಿ ನಿಂತಿದ್ದ ನಮ್ಮವರು ತಿರುಗಿ ನೋಡಿದರು. ಹುಳ ಮೈ ಬಿಚ್ಚಿ, ನಿಧಾನವಾಗಿ, ಯಾರ ಭಯವೂ ಇಲ್ಲದೆ ಅವರ ಕಾಲಿನ ಕಡೆಗೇ ಹರಿದು ಹೋಯಿತು.