ಹುಟ್ಟಿನಿಂದ ಬಂದ ಸಂದು

ಕುರುಗೋಡಿನಲ್ಲಿ ಗುಂಡುಕಲ್ಲು ಎತ್ತುವುದರಲ್ಲಿ ಯರ್ರಿಸ್ವಾಮಿಯನ್ನು ಮೀರಿಸಿದವರಿರಲಿಲ್ಲ. ಅಂಥವನ ಬಲ ತೊಡೆಸಂದಿನಲ್ಲಿ ಈ ಬೇಸಿಗೆಗೆ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿತು. ಕೆಮ್ಮಿದರೆ ಉಬ್ಬುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಊರಿಗೆ ಗೊತ್ತಾಗಲು ತಡವಾಗಲಿಲ್ಲ. ಕಲ್ಲೇ ಅವನನ್ನು ತಿಂದುಹಾಕಿತೆಂದು ಚಹಾದಂಗಡಿಯಲ್ಲಿ ನಕ್ಕರು.

ಅದರ ಬಿಸಿ ತಟ್ಟಿದ್ದು ಮಗಳು ಅನುಷಾಗೆ. ಬಳ್ಳಾರಿಯ ಕಾಲೇಜಿನಲ್ಲಿ ಓದುತ್ತ ವೇಟ್‌ಲಿಫ್ಟಿಂಗ್ ಕಲಿಯುತ್ತಿದ್ದ ಆಕೆ ಸಿರುಗುಪ್ಪದ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಅಪ್ಪನ ಅಣ್ಣ ಉಚ್ಚಂಗೆಪ್ಪ, ಬಟ್ಟೆ ಅಂಗಡಿಯ ಗಾದಿ ಬಿಟ್ಟು ಏಳದ ಮನುಷ್ಯ, ಮನೆಗೆ ಬಂದು ಇನ್ನು ಸಾಕೆಂದು ತೀರ್ಮಾನ ಹೇಳಿದ. ಗಂಡಸಿನ ಗತಿಯೇ ಹೀಗಾದರೆ ಹುಡುಗಿಯ ಗರ್ಭಕೋಶ ಉಳಿದೀತೇ, ನಾಳೆ ಇವಳನ್ನು ಯಾರು ಮದುವೆಯಾದಾರು ಎಂದ. ಅಪ್ಪ ನೆಲ ನೋಡುತ್ತ ಕೂತಿದ್ದ. ಅನುಷಾಗೆ ದೊಡ್ಡಪ್ಪನ ಮಾತಿಗಿಂತ ಆ ತಗ್ಗಿದ ತಲೆ ಕಂಡು ಹೆಚ್ಚು ಸಿಟ್ಟು ಬಂತು.

“ನೀವೂ ಬಳ್ಳಾರಿ ದವಾಖಾನಿಗೆ ಬರ್ರಿ ದೊಡ್ಡಪ್ಪ,” ಎಂದಳು. “ಡಾಕ್ಟರು ಬ್ಯಾಡ ಅಂದ್ರ ಬಿಡ್ತೀನಿ. ನೀವು ಅಂದ್ರ ಬಿಡಂಗಿಲ್ಲ.”

ಸರ್ಜನ್ ನಾಗಲಕ್ಷ್ಮಿ ಯರ್ರಿಸ್ವಾಮಿಯನ್ನು ನಿಲ್ಲಿಸಿ, ಕೆಮ್ಮಿಸಿ, ಪರೀಕ್ಷಿಸಿ ಹರ್ನಿಯಾ ಎಂದರು. ಗಂಡುಮಗು ತಾಯಿಯ ಹೊಟ್ಟೆಯಲ್ಲಿದ್ದಾಗ ವೃಷಣ ಕೆಳಗಿಳಿಯುವ ದಾರಿ ಆಮೇಲೆ ಮುಚ್ಚಿಕೊಳ್ಳಬೇಕು. ಕೆಲವರಲ್ಲಿ ಪೂರ್ತಿ ಮುಚ್ಚುವುದಿಲ್ಲ. ಇನ್ನು ಕೆಲವರಿಗೆ ಅಲ್ಲಿಯ ಎಲುಬು ತುಸು ಕೆಳಗಿದ್ದು, ಹೊಟ್ಟೆಯ ಸ್ನಾಯು ಅಲ್ಲಿಯತನಕ ಇಳಿದುಬಂದು ಸಂದನ್ನು ಕಾಯಲಾರದು. ಈ ಮೈಕಟ್ಟು ಒಂದೇ ಮನೆಯ ಹಲವರಿಗೆ ಇರುವುದುಂಟು. ಭಾರ ಎತ್ತಿದ್ದು ಗಂಟನ್ನು ಹೊರಕ್ಕೆ ತಳ್ಳಿರಬಹುದು, ಸಂದು ಮಾತ್ರ ಹುಟ್ಟಿನಿಂದಲೇ ಬಂದಂತಿದೆ ಎಂದು ವಿವರಿಸಿ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿದರು.

ಅಪ್ಪ ಇಲ್ಲವೆಂದ. ಉಚ್ಚಂಗೆಪ್ಪ ಕುರ್ಚಿಯಲ್ಲಿ ಮಿಸುಕಾಡಿದ. ಬಾಗಿಲ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, ಯಾರಿಗೂ ಕೇಳಿಸಬಾರದೆಂಬಂತೆ ಹೇಳಿದ:

“ನನಗೂ ಐತ್ರಿ. ಭಾಳ ವರ್ಷಾತು. ಪಟ್ಟಿ ಬಿಗದುಕೊಂಡು ಅದೀನಿ.”

ತುಂಬಿದ ಕೊಡವನ್ನೂ ಎತ್ತಿದವನಲ್ಲ ಆತ. ಅನುಷಾಗೆ ನಗು ಬಂತು. ಅವನ ಕಣ್ಣಿನಲ್ಲಿದ್ದ ನಾಚಿಕೆ ಕಂಡು ನುಂಗಿಕೊಂಡಳು. ಆದರೆ ಸುಮ್ಮನಿರಲಿಲ್ಲ.

“ಗಾದಿ ಮ್ಯಾಲೆ ಕುಂತೋರಿಗೂ ಬರ್ತೈತಿ ಅಂದ್ಮ್ಯಾಲ ನಮ್ಮಪ್ಪ ಯಾಕ ತಲಿ ತಗ್ಗಿಸಬೇಕು?”

ಡಾಕ್ಟರು ಅನುಷಾಳನ್ನೂ ಪರೀಕ್ಷಿಸಿದರು. ಹೆಂಗಸರಲ್ಲಿ ಆ ದಾರಿ ಕಿರಿದು, ಈ ತೊಂದರೆ ಬರುವುದೇ ಇಲ್ಲವೆಂದಲ್ಲ, ಆದರೆ ಕಡಿಮೆ. ಗರ್ಭಕೋಶಕ್ಕೂ ಇದಕ್ಕೂ ಸಂಬಂಧವಿಲ್ಲ, ಸದ್ಯಕ್ಕೆ ನಿನಗೆ ಏನೂ ಇಲ್ಲ, ಉಸಿರು ಬಿಗಿಹಿಡಿಯದೆ ಕ್ರಮವಾಗಿ ಎತ್ತು, ಗಂಟು ಕಂಡರೆ ಕೂಡಲೇ ಬಾ ಎಂದರು.

ಅಣ್ಣ ತಮ್ಮಂದಿರಿಬ್ಬರಿಗೂ ಆಪರೇಷನ್ ಆಗಿ, ಸಂದು ಮುಚ್ಚಲು ಒಳಗೊಂದು ಜಾಲರಿ ಕೂತಿತು. ಉಚ್ಚಂಗೆಪ್ಪ ಸ್ಪರ್ಧೆಗೆ ಹೋಗು ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅಪ್ಪ ಮಾತ್ರ ಮಗಳ ಜೊತೆ ಸಿರುಗುಪ್ಪಕ್ಕೆ ಬಂದು ಮುಂದಿನ ಸಾಲಿನಲ್ಲೇ ಕೂತ. ಕುರುಗೋಡಿನವನೊಬ್ಬ ಹಿಂದಿನಿಂದ ಬಗ್ಗಿ, ನಿಮ್ಮ ಮನೆತನಕ್ಕೆ ಬಂದದ್ದು ಸಾಲದೇ, ಹುಡುಗಿಯನ್ನೂ ಯಾಕೆ ಕೆಡಿಸುತ್ತೀ ಎಂದ. ಯರ್ರಿಸ್ವಾಮಿ ತಿರುಗಿ ಅವನ ಮುಖ ನೋಡಿದ.

“ಎಲುಬು ಹುಟ್ಟಿದಾಗಿಂದ ಹಂಗೈತಿ. ಸೊಕ್ಕೂ ಹಂಗ ಐತಿ. ಸುಮ್ನ ಕುಂತು ನೋಡಲೇ.”

ವೇದಿಕೆಯ ಮೇಲಿದ್ದ ಅನುಷಾಗೂ ಅದು ಕೇಳಿಸಿತು. ಕೈಗೆ ಪುಡಿ ಹಚ್ಚಿಕೊಂಡು ಸರಳು ಹಿಡಿದಳು. ಕೊನೆಯ ಭಾರ ಮೊಣಕಾಲು ದಾಟಿ ಎದೆಯವರೆಗೆ ಬಂದು ಕೈಜಾರಿತು. ಮೂರನೇ ಸ್ಥಾನ ಸಿಕ್ಕಿತು. ಮುಂದಿನ ಸ್ಪರ್ಧೆಗೆ ಅಲ್ಲೇ ಹೆಸರು ಬರೆಸಿ, ಅಪ್ಪನ ಚೀಲವನ್ನೂ ತಾನೇ ಹೊತ್ತುಕೊಂಡು ಬಸ್ ಹತ್ತಿದಳು.